ಹಿಂದಿನ ಸಾಲಿನ ಹೂಗಳು

ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರವನ್ನು ಮುಂಗಾರು ಹಿಡಿದ ಮೇಲೆ ನೋಡಬೇಕು. ನರ್ಸರಿಗೆ ನರ್ಸರಿ ಅಂಟಿಕೊಂಡಿರುವ ಆ ಬೀದಿಗಳಲ್ಲಿ ಒದ್ದೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ವಾಸನೆಗಳು ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ರಸ್ತೆಗೆ ಕಾಣುವಂತೆ ಜೋಡಿಸಿದ ಮುಂದಿನ ಸಾಲಿನಲ್ಲಿ ಗುಲಾಬಿ, ಜರ್ಬೆರಾ, ಪೆಟೂನಿಯಾಗಳು ಮೈತುಂಬ ಹೂ ಹೊತ್ತು ನಿಂತಿವೆ. ಹೊಸದಾಗಿ ಮನೆ ಮಾಡಿದವರ ಕೈ ಮೊದಲು ಹೋಗುವುದು ಅಲ್ಲಿಗೇ. ಆದರೆ ಹಸಿರುಮನೆಯ ಹದವಾದ ಬೆಳಕು, ಅಳತೆಯ ಗೊಬ್ಬರದಲ್ಲಿ ಬೆಳೆದ ಗಿಡ ತಾರಸಿಯ ಬಿಸಿಲು-ಗಾಳಿಗೆ ಬಿದ್ದೊಡನೆ ಮೊಗ್ಗು ಉದುರಿಸತೊಡಗುತ್ತದೆ. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಎಷ್ಟು ಜನ ಗಿಡದ ಆಸೆಯನ್ನೇ ಬಿಟ್ಟುಬಿಡುತ್ತಾರೋ! ಅಂಥವರನ್ನು ಕೈಹಿಡಿದು ಹಿಂದಿನ ಸಾಲಿಗೆ ಕರೆದೊಯ್ಯಬೇಕು ಅನ್ನಿಸುತ್ತದೆ. ಎಲೆಗೆಲ್ಲ ಕೆಸರು ಸಿಡಿಸಿಕೊಂಡು, ಕಪ್ಪು ಕವರಿನಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುವ ಗಿಡಗಳಿರುವುದು ಅಲ್ಲಿ.

ಅಲ್ಲೊಬ್ಬ ಯುವತಿ ಮಗಳ ಕೈ ಹಿಡಿದು ನಿಂತಿದ್ದಾಳೆ. ಕವರುಗಳ ನಡುವಿನ ಕಳೆ ಕೀಳುತ್ತಿದ್ದ ವಯಸ್ಸಾದ ಮಾಲಿ ತಲೆಯೆತ್ತಿ ಕೇಳುತ್ತಾರೆ:

“ಬಿಸಿಲು ಎಷ್ಟೊತ್ತು ಬೀಳುತ್ತಮ್ಮ ನಿಮ್ಮನೇಲಿ?”

“ಮಧ್ಯಾಹ್ನದ ತನಕ ಇರುತ್ತೆ ತಾತ. ಆದ್ರೆ ಇಬ್ರೂ ಕೆಲಸಕ್ಕೆ ಹೋಗ್ತೀವಿ, ದಿನಾ ನೀರು ಹಾಕೋಕಾಗಲ್ಲ.”

“ಹಂಗಾದ್ರೆ ಇದು ತಗೊಂಡೋಗಮ್ಮ. ನೀನು ಮರೆತ್ರೂ ಇದು ಹೂ ಬಿಡೋದು ಮರೆಯಲ್ಲ.”

ಅವರು ಎತ್ತಿಕೊಟ್ಟದ್ದು ಸದಾಪುಷ್ಪ. ಕಾಶಿಕಣಗಿಲೆ, ನಿತ್ಯಪುಷ್ಪ ಎಂದೂ ಕರೆಯುವ ಈ ಗಿಡವನ್ನು ಹತ್ತಿರದಿಂದ ನೋಡಿ. ನಸುಗೆಂಪಿನ ಐದು ಎಸಳು, ನಡುವೆ ಕಡುಗೆಂಪು ಕಣ್ಣು. ಎಲೆಯ ಬುಡದಲ್ಲಿ ಜೋಡಿಯಾಗಿ ನಿಂತ ತೆಳ್ಳನೆಯ ಕಾಯಿಗಳು. ಕಾಯಿ ಒಣಗಿ ಬಿರಿದರೆ ಕರಿಬೀಜ ಉದುರಿ ಗೋಡೆಯ ಬಿರುಕಿನಲ್ಲೂ ಸಸಿ ಏಳುತ್ತದೆ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡದಿಂದಲೇ ರಕ್ತ ಕ್ಯಾನ್ಸರಿನ ಚಿಕಿತ್ಸೆಗೆ ಬಳಸುವ ವಿನ್‌ಕ್ರಿಸ್ಟೀನ್ ಔಷಧವನ್ನು ತೆಗೆದದ್ದು. ಬಾಯಿಗೆ ಕಹಿ, ಮೈಗೆ ವಿಷ. ಹಾಗಾಗಿ ದನಕರುಗಳೂ ಮುಟ್ಟುವುದಿಲ್ಲ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಹಾಗೆ ನೋಡಿದರೆ ಹೊಸಬರ ಮನೆಯ ಗಿಡಗಳು ಬಾಯಾರಿಕೆಯಿಂದ ಸಾಯುವುದಕ್ಕಿಂತ ಅತಿ ನೀರಿನಿಂದ ಸಾಯುವುದೇ ಹೆಚ್ಚು. ಮಣ್ಣಿಗೆ ಬೆರಳು ಇಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಿ.

ಅದರ ಪಕ್ಕದಲ್ಲೇ ಟೇಬಲ್ ರೋಸ್. ದಪ್ಪನೆಯ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜಾತಿ ಇದು. ಬೆರಳುದ್ದದ ತುಂಡು ಮುರಿದು ನೆಟ್ಟರೆ ಸಾಕು, ಬಿಸಿಲೇರುತ್ತಿದ್ದಂತೆ ಕುಂಡದ ತುಂಬ ಬಣ್ಣ. ಸಂಜೆಗೆ ಹೂ ಬೇಕೆನ್ನುವವರಿಗೆ ಗುಲಬಕ್ಷಿ ಇದೆ. ಮೆಣಸಿನ ಕಾಳಿನಂಥ ಅದರ ಬೀಜ ಯಾರ ಅಂಗಳದಲ್ಲಾದರೂ ಸಿಕ್ಕೀತು. ಬೇಸಿಗೆಯಲ್ಲಿ ಗಿಡ ಒಣಗಿಹೋದರೆ ಕಿತ್ತು ಎಸೆಯಬೇಡಿ. ಗೆಡ್ಡೆ ಮಣ್ಣೊಳಗೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ. ಚೆಂಡುಹೂವಿಗಂತೂ ನರ್ಸರಿಗೇ ಬರಬೇಕಿಲ್ಲ. ಹಬ್ಬದ ತೋರಣದ ಹೂ ಒಣಗಿಸಿ, ಎಸಳು ಬಿಡಿಸಿ ಚೆಲ್ಲಿದರೆ ಸುಮಾರು ಎರಡು ತಿಂಗಳಿಗೆ ಮೊದಲ ಹೂ.

ಮಣ್ಣಿನ ನೆಲವೇ ಇರುವವರು ದಾಸವಾಳ ಹಾಕಲಿ. ತಟ್ಟೆಯಗಲದ, ಬಣ್ಣಬಣ್ಣದ ಹೈಬ್ರಿಡ್ ಬೇಡ. ದೇವರಿಗೆ ಏರಿಸುವ ಐದೆಸಳಿನ ಕೆಂಪು ದಾಸವಾಳ ಸಾಕು. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಈ ಮಳೆಯಲ್ಲೇ ಊರಿದರೆ ಬೇರು ಬಿಡುತ್ತದೆ. ಅದನ್ನು ಹೆಚ್ಚಾಗಿ ಕಾಡುವುದು ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆ ಸಾಲುಗಟ್ಟಿದ್ದು ಕಂಡರೆ ತುದಿಯ ಎಲೆ ಮಗುಚಿ ನೋಡಿ, ಬಿಳಿಯ ಹತ್ತಿಯಂತೆ ಅಂಟಿಕೊಂಡಿರುತ್ತದೆ. ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆದು, ಬೇವಿನೆಣ್ಣೆ ಬೆರೆಸಿದ ಸೋಪಿನ ನೀರು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಹೊಸ ಬಡಾವಣೆಗಳ ಸೈಟಿನ ಮಣ್ಣಿನಲ್ಲಿ ಸಿಮೆಂಟು, ಇಟ್ಟಿಗೆ ಚೂರು ಬೆರೆತಿರುವುದೇ ಹೆಚ್ಚು. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ತಾನಾಗಿ ಬೆಳೆಯುವ ಕೇಪಳ ಅಲ್ಲಿ ಎಲೆ ಹಳದಿಯಾಗಿ ಸೊರಗುತ್ತದೆ. ಸುಣ್ಣದ ಅಂಶ ಹೆಚ್ಚಾಗಿ ಕಬ್ಬಿಣದ ಅಂಶ ಬೇರಿಗೆ ದಕ್ಕುವುದಿಲ್ಲ. ಅಂಥ ಕಡೆ ಮೇಲಿನ ಒಂದಡಿ ಮಣ್ಣು ತೆಗೆದು ಕೆಮ್ಮಣ್ಣು, ಗೊಬ್ಬರ ತುಂಬಿಯೇ ನೆಡಬೇಕು. ಹೆದ್ದಾರಿಯ ನಡುವೆ ಹೊಗೆ ಕುಡಿದೂ ನಗುವ ಕಣಗಿಲೆಯಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ ನಿಜ, ಆದರೆ ಅದರ ಬೇರು, ಎಲೆ, ಹೂ ಎಲ್ಲವೂ ವಿಷ. ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಮಾಲಿ ಕೊನೆಗೆ ಅರೆನೆರಳಿನಲ್ಲಿಟ್ಟ ಕನಕಾಂಬರದ ಬಳಿಗೆ ಹೋಗಿ ಒಣಗಿದ ತೆನೆಯೊಂದನ್ನು ಕಿತ್ತುಕೊಂಡು ಬರುತ್ತಾರೆ. ಕಂದು ಕಾಯಿಗಳನ್ನು ಮಗುವಿನ ಅಂಗೈಗೆ ಹಾಕಿ, ಮೇಲೆ ಎರಡು ಹನಿ ನೀರು ಚಿಮುಕಿಸುತ್ತಾರೆ. ತುಸು ಹೊತ್ತಿಗೆ ಒಂದು ಕಾಯಿ ಚಟ್ಟನೆ ಸಿಡಿಯುತ್ತದೆ. ಬೀಜ ದಾಸವಾಳದ ಕವರುಗಳ ನಡುವೆ ಎಲ್ಲೋ ಹೋಗಿ ಬೀಳುತ್ತದೆ. ಮಗು ಕಿರುಚಿ ಕೈ ಹಿಂದೆಳೆದುಕೊಂಡು, ಮರುಗಳಿಗೆಯೇ “ಇನ್ನೊಂದು ತಾತ, ಇನ್ನೊಂದು” ಎಂದು ಎರಡೂ ಕೈ ಮುಂದೊಡ್ಡುತ್ತದೆ.