ಬನಿಯನ್ ಬಟ್ಟೆಯ ಅಂಗಿಗೆ ಎಲಾಸ್ಟಿಕ್ ತೋಳು

ರೈತ ಬಾಂಧವರು ತಲೆಬರಹ ನೋಡಿ, ಇದು ಹೆಣ್ಣುಮಕ್ಕಳ ಪುಟವೆಂದು ಹಾಳೆ ಮಗುಚಬಾರದು. ಹುಲ್ಲು ಕತ್ತರಿಸುವ ಯಂತ್ರಕ್ಕೂ ಒಕ್ಕಣೆ ಯಂತ್ರಕ್ಕೂ ಈ ತೋಳಿಗೂ ಸಂಬಂಧವಿದೆ. ಆ ಮಾತು ಮುಂದೆ ಬರುತ್ತದೆ. ಮೊದಲು ಮಕ್ಕಳ ಅಂಗಿಯ ವಿಚಾರ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಮಹಿಳಾ ಮಂಡಲಗಳಲ್ಲಿ ಹೊಲಿಗೆಯ ತರಗತಿಗಳು ನಡೆಯುತ್ತಿದ್ದುವು. ಆಗ ಕಲಿಸುತ್ತಿದ್ದುದು ರವಿಕೆ, ಲಂಗ, ಚಡ್ಡಿ. ಎಲ್ಲವೂ ಮಗ್ಗದ ಬಟ್ಟೆಯವು. ಈಗ ಮನೆಮಂದಿಯೆಲ್ಲ ತೊಡುವುದು ಟೀ ಷರಟು. ಹೊಲಿಗೆ ಯಂತ್ರವಿರುವ ಮನೆಯಲ್ಲೂ ಅದನ್ನು ಹೊಲಿಯಲು ಕೈ ಹಾಕುವವರು ಕಡಿಮೆ. ಬಟ್ಟೆ ಎಳೆದರೆ ಹಿಗ್ಗುತ್ತದೆ, ಯಂತ್ರ ಹೊಲಿಗೆ ಬಿಡುತ್ತದೆ ಎಂಬ ಅಂಜಿಕೆ. ಅಂಜಿಕೆಗೆ ಕಾರಣವಿಲ್ಲವೆನ್ನಲಾಗದು. ಆದರೆ ಅದಕ್ಕೆ ಉಪಾಯವಿದೆ. ಅದರಲ್ಲಿಯೂ ಎಲಾಸ್ಟಿಕ್ ಹಾಕಿದ ನೆರಿಗೆ ತೋಳು, ಅಂದರೆ ನಮ್ಮ ಹಿರಿಯರು ಬುಗ್ಗೆ ತೋಳು ಎನ್ನುತ್ತಿದ್ದುದು, ಈ ಬಟ್ಟೆಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಬಟ್ಟೆ ಹೊಸದೇ ಆಗಬೇಕೆಂದಿಲ್ಲ. ದೊಡ್ಡವರು ತೊಟ್ಟು ಬಿಟ್ಟ ಎರಡು ಟೀ ಷರಟುಗಳಿಂದ ಎಂಟು ವರ್ಷದ ಹುಡುಗಿಗೆ ಒಂದು ಅಂಗಿ ಸಲೀಸಾಗಿ ಆಗುತ್ತದೆ. ಹಳೆಯ ಅಂಗಿಯಲ್ಲಿ ಬೆನ್ನಿನ ಭಾಗವನ್ನು ತೋಳಿಗೆ ಆರಿಸಿಕೊಳ್ಳಿ. ಎದೆಯ ಮೇಲೆ ಚಿತ್ರ ಅಚ್ಚೊತ್ತಿದ ಭಾಗ ದಪ್ಪಗಿದ್ದು ನೆರಿಗೆ ಕೂರುವುದಿಲ್ಲ. ಹೊಸ ಬಟ್ಟೆ ಕೊಳ್ಳುವವರು ಹತ್ತಿಯ ತೆಳು ಬನಿಯನ್ ಬಟ್ಟೆಯನ್ನೇ ಕೇಳಿ. ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ, ನೆರಳಿನಲ್ಲಿ ಹರವಿ ಒಣಗಿಸಿದ ಮೇಲೆಯೇ ಕತ್ತರಿ ಇಡಬೇಕು. ಹೆಣೆದ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕತ್ತರಿಸಿ ಹೊಲಿದ ಮೇಲೆ ಕುಗ್ಗಿದರೆ ಕಂಕುಳು ಹಿಡಿಯುತ್ತದೆ.

ತೋಳಿನ ನಮೂನೆ ತೆಗೆಯಲು ದರ್ಜಿಯ ಬಳಿಗೆ ಹೋಗಬೇಕಿಲ್ಲ. ಮಗುವಿಗೆ ಸರಿಯಾಗಿ ಕೂರುವ ಒಂದು ಟೀ ಷರಟಿನ ತೋಳನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಹರವಿ ಸುತ್ತ ಗೆರೆ ಎಳೆಯಿರಿ. ತೋಳು ಮಡಿಚಿದ್ದರಿಂದ ಸಿಕ್ಕುವುದು ಅರ್ಧ ಆಕಾರ; ಕಾಗದವನ್ನು ಎರಡಾಗಿ ಮಡಿಚಿ ಕತ್ತರಿಸಿ ಬಿಡಿಸಿದರೆ ಪೂರ್ತಿ ಆಕಾರ ಬರುತ್ತದೆ. ಇದರ ಕೆಳ ಅಂಚು 9 ಅಂಗುಲವಿದೆ ಎಂದಿಟ್ಟುಕೊಳ್ಳಿ. ಕೆಳ ಅಂಚಿನಿಂದ ಹೆಗಲಿನ ಕಡೆಗೆ ಸಮ ಅಂತರದಲ್ಲಿ ಮೂರು ಸೀಳು ಹಾಕಿ. ಸೀಳು ಮೇಲಿನ ಅಂಚಿನವರೆಗೆ ಹೋಗಲಿ, ಆದರೆ ಕಾಗದ ಬೇರೆಯಾಗದಿರಲಿ. ಈಗ ಬೀಸಣಿಗೆ ಬಿಡಿಸುವ ಹಾಗೆ ಒಂದೊಂದು ಸೀಳನ್ನೂ ಕೆಳಗಡೆ 1 ಅಂಗುಲ ಅಗಲಿಸಿ, ಇನ್ನೊಂದು ಕಾಗದದ ಮೇಲೆ ಅಂಟಿಸಿ. ಕೆಳ ಅಂಚು 12 ಅಂಗುಲವಾಯಿತು. ಹೆಗಲಿಗೆ ಕೂಡಿಸುವ ಮೇಲಂಚು ಮಾತ್ರ ಮೊದಲಿನಷ್ಟೇ ಉಳಿಯಿತು. ಇದೇ ಈ ವಿಧಾನದ ಅನುಕೂಲ. ಅಂಗಿಯ ಕಂಕುಳ ಸುತ್ತಿನಲ್ಲಿ ಏನೂ ಬದಲಿಸಬೇಕಿಲ್ಲ. ಹೆಗಲ ಮೇಲೂ ನೆರಿಗೆ ಹಿಡಿಯುವ ತೋಳು ನೋಡಲು ಅಂದ, ಆದರೆ ಮೊದಲ ಸಲಕ್ಕೆ ಅದು ಬೇಡ.

ಉದ್ದಕ್ಕೆ, ಬುಗ್ಗೆ ಉಬ್ಬಲು ಮುಕ್ಕಾಲು ಅಂಗುಲ, ಎಲಾಸ್ಟಿಕ್ಕಿನ ಮಡಿಕೆಗೆ ಅರ್ಧ ಅಂಗುಲ ಹೆಚ್ಚಿಗೆ ಬಿಡಿ. ಎರಡು ಪಕ್ಕಕ್ಕೂ ಮೇಲಂಚಿಗೂ ಹೊಲಿಗೆಯ ಅಂಚು ಅರ್ಧರ್ಧ ಅಂಗುಲ. ಬಟ್ಟೆ ಯಾವ ಕಡೆಗೆ ಹೆಚ್ಚು ಹಿಗ್ಗುವುದೋ ಆ ಕಡೆ ತೋಳಿನ ಸುತ್ತಿಗೆ ಬರಬೇಕು. ಇದು ತಪ್ಪಿದರೆ ಮಗುವಿಗೆ ಕೈ ಎತ್ತುವುದೇ ಕಷ್ಟ.

ಇನ್ನು ಯಂತ್ರ. ಕಾಲಿನಿಂದ ತುಳಿಯುವ ಕಪ್ಪು ಯಂತ್ರ ನೇರ ಹೊಲಿಗೆ ಮಾತ್ರ ಹಾಕುತ್ತದೆ. ನೇರ ಹೊಲಿಗೆಯ ದಾರಕ್ಕೆ ಹಿಗ್ಗುವ ಗುಣವಿಲ್ಲ. ಬಟ್ಟೆ ಹಿಗ್ಗಿದಾಗ ದಾರ ಪಟಪಟನೆ ಕಡಿಯುತ್ತದೆ. ಹಾಗೆಂದು ಹೊಸ ಯಂತ್ರ ಕೊಳ್ಳಬೇಕಿಲ್ಲ. ಅಂಗುಲಕ್ಕೆ 10ರಿಂದ 12 ಬರುವಂತೆ ಸಣ್ಣ ಹೊಲಿಗೆ ಇಟ್ಟು, ಪಾಲಿಯೆಸ್ಟರ್ ದಾರ ಹಾಕಿ, ಬಟ್ಟೆಯನ್ನು ಮುಂದೆಯೂ ಹಿಂದೆಯೂ ಹಿಡಿದು ಅತಿ ಸ್ವಲ್ಪ ಬಿಗಿಯಾಗಿ ಎಳೆದುಕೊಂಡು ಹೊಲಿದರೆ ದಾರ ತುಸು ಹೆಚ್ಚು ಕೂಡುತ್ತದೆ. ಕಂಕುಳ ಸುತ್ತಿಗೆ ಮಾತ್ರ ಎರಡು ಸಾಲು ಹೊಲಿಗೆ ಇರಲಿ. ಎಳೆತ ಬೀಳುವುದು ಅಲ್ಲಿಯೇ. ಎಲಾಸ್ಟಿಕ್ ಇರುವ ಕೆಳ ಅಂಚಿನಲ್ಲಿ ಈ ತೊಂದರೆಯೇ ಇಲ್ಲ. ಅಲ್ಲಿ ಬಟ್ಟೆಯ ಸುತ್ತು 12 ಅಂಗುಲವಿದ್ದು, ತೋಳು ಅದರ ಮುಕ್ಕಾಲು ಪಾಲೂ ಇರುವುದಿಲ್ಲ. ಹಿಗ್ಗುವುದು ಎಲಾಸ್ಟಿಕ್, ಬಟ್ಟೆಯಲ್ಲ. ಆದ್ದರಿಂದ ಹಳೆಯ ಯಂತ್ರದವರಿಗೂ ಈ ತೋಳು ಸುಲಭ.

ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಯಂತ್ರವನ್ನು ಬೈಯುವ ಮೊದಲು ಸೂಜಿ ನೋಡಿ. ಸಾಮಾನ್ಯ ಸೂಜಿಯ ಚೂಪು ಮೊನೆ ಹೆಣಿಗೆಯ ಎಳೆಯನ್ನೇ ಚುಚ್ಚಿ ಕಡಿಯುತ್ತದೆ. ನಾಲ್ಕು ಒಗೆತಕ್ಕೆ ಅಲ್ಲಿ ತೂತು ಬೀಳುತ್ತದೆ. ಬನಿಯನ್ ಬಟ್ಟೆಗೆಂದೇ ಮೊನೆ ದುಂಡಗಿರುವ ಸೂಜಿ ಸಿಗುತ್ತದೆ. ಅದು ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ. 11ನೆಯ ನಂಬರು ತೆಳು ಬಟ್ಟೆಗೆ ಸಾಕು. ಆಗಲೂ ಬಟ್ಟೆ ಹಲ್ಲಿನೊಳಗೆ ಸಿಕ್ಕಿಕೊಂಡರೆ ಕೆಳಗೆ ಒಂದು ತೆಳುವಾದ ಬಿಳಿ ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ವೃತ್ತಪತ್ರಿಕೆ ಬೇಡ, ಮಸಿ ಹತ್ತುತ್ತದೆ.

ಹೊಲಿಯುವ ಕ್ರಮ ಹೀಗೆ. ಅಂಗಿಯ ಹೆಗಲು ಕೂಡಿಸಿದ ಮೇಲೆ, ಪಕ್ಕ ಹೊಲಿಯುವ ಮೊದಲೇ, ತೋಳನ್ನು ಹರವಿದ ಸ್ಥಿತಿಯಲ್ಲಿ ಕಂಕುಳ ಸುತ್ತಿಗೆ ಸೇರಿಸಿ. ತೋಳಿನ ನಡುವನ್ನು ಹೆಗಲ ಹೊಲಿಗೆಗೆ ಹೊಂದಿಸಿ, ಅಲ್ಲಿಂದ ಎರಡು ಕಡೆಗೂ ಗುಂಡುಸೂಜಿ ಚುಚ್ಚುತ್ತ ಹೋದರೆ ಜಾರುವುದಿಲ್ಲ. ಅನಂತರ ತೋಳಿನ ತುದಿಯಿಂದ ಕಂಕುಳಿನವರೆಗೆ, ಕಂಕುಳಿನಿಂದ ಅಂಗಿಯ ಕೆಳ ಅಂಚಿನವರೆಗೆ ಒಂದೇ ಓಟದಲ್ಲಿ ಪಕ್ಕ ಹೊಲಿಯಿರಿ. ಕಡೆಗೆ ತೋಳಿನ ಅಂಚನ್ನು ಒಳಕ್ಕೆ ಅರ್ಧ ಅಂಗುಲ ಮಡಿಚಿ. ಮಗ್ಗದ ಬಟ್ಟೆಯ ಹಾಗೆ ಎರಡು ಸಲ ಮಡಿಚಬೇಕಿಲ್ಲ, ಬನಿಯನ್ ಬಟ್ಟೆಯ ಅಂಚು ಎಳೆ ಬಿಡುವುದಿಲ್ಲ; ಸುರುಳಿ ಸುತ್ತುತ್ತದೆ ಅಷ್ಟೇ. ಅದಕ್ಕೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಇಲ್ಲವೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಮಡಿಕೆಯ ಗೆರೆಯಿಂದ ಮೂರು ಎಂಟಾಂಶ (3/8) ಅಂಗುಲ ದೂರದಲ್ಲಿ ಸುತ್ತ ಹೊಲಿಗೆ ಬರಲಿ. ತೋಳು ಬಳೆಯಂತೆ ಚಿಕ್ಕದಿರುವುದರಿಂದ ಒಳಮಗ್ಗುಲು ಮೇಲೆ ಮಾಡಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೊಲಿಯಬೇಕು. ಕಂಕುಳ ಕಡೆಯಲ್ಲಿ 1 ಅಂಗುಲದಷ್ಟು ಬಾಯಿ ಬಿಡಿ. ಲಂಗಕ್ಕೆ ಲಾಡಿ ಏರಿಸಿದವರಿಗೆ ಮುಂದಿನದನ್ನು ಹೇಳಿಕೊಡಬೇಕಾಗಿಲ್ಲ.

ಎಲಾಸ್ಟಿಕ್ಕಿನ ಅಳತೆಯಲ್ಲಿ ಮಾತ್ರ ಅವಸರ ಕೂಡದು. ಅಂಗಡಿಯ ಅಗ್ಗದ ಅಂಗಿಗಳಲ್ಲಿ ಕೆಲವೊಮ್ಮೆ ಎಲಾಸ್ಟಿಕ್ ಎಷ್ಟು ಬಿಗಿಯೆಂದರೆ, ಸಂಜೆ ಅಂಗಿ ಬಿಚ್ಚಿದಾಗ ಮಗುವಿನ ತೋಳಿನ ಮೇಲೆ ಕೆಂಪು ಬಳೆಯ ಗುರುತು ಮೂಡಿರುತ್ತದೆ. ಬೆವರಿನ ದಿನಗಳಲ್ಲಿ ಅದೇ ಜಾಗ ತುರಿಸಿ ಹುಣ್ಣಾಗುವುದುಂಟು. ಮನೆಯಲ್ಲಿ ಹೊಲಿಯುವುದರ ಮುಖ್ಯ ಲಾಭ, ನನ್ನ ಮಟ್ಟಿಗೆ, ಉಳಿಯುವ ಹಣಕ್ಕಿಂತ ಇದೇ: ಆ ಮಗುವಿನ ತೋಳಿಗೇ ಅಳತೆ ಹಿಡಿಯಬಹುದು. ತೋಳು ಎಲ್ಲಿ ಮುಗಿಯುವುದೋ ಅಲ್ಲಿ, ಮಗು ಕೈ ಮಡಿಚಿ ಮುಷ್ಟಿ ಬಿಗಿದಾಗ ಟೇಪು ಸುತ್ತಿ. 7 ಅಂಗುಲ ಬಂದರೆ ಅದಕ್ಕೆ ಅರ್ಧ ಅಂಗುಲ ಸಡಿಲ ಸೇರಿಸಿ. ನೆರಿಗೆಯ ಬಟ್ಟೆಯೇ ಒಳಗೆ ಸ್ವಲ್ಪ ಜಾಗ ತಿನ್ನುತ್ತದೆ. ತುದಿಯ ಮೇಲೆ ತುದಿ ಕೂಡಿಸಲು ಇನ್ನರ್ಧ ಅಂಗುಲ. ಮಗು ಬೆಳೆಯುವುದಕ್ಕೆಂದು 1 ಅಂಗುಲ. ಒಟ್ಟು 9 ಅಂಗುಲ. ಎರಡು ತೋಳಿಗೆ ಅರ್ಧ ಮೀಟರು ಸಾಕು. ಕಾಲು ಅಂಗುಲ ಅಗಲದ ಪಟ್ಟಿ ಸರಿಹೋಗುತ್ತದೆ.

ತುದಿಗೆ ಸೇಫ್ಟಿ ಪಿನ್ನು ಹಾಕಿ, ಬಿಟ್ಟ ಬಾಯಿಯಿಂದ ತೂರಿಸಿ. ಇನ್ನೊಂದು ತುದಿ ಒಳಗೆ ಹೋಗದಂತೆ ಬಟ್ಟೆಗೆ ಪಿನ್ನು ಚುಚ್ಚಿರಿ. ಎರಡು ತುದಿ ಸೇರಿಸಿ ಮೊದಲು ಪಿನ್ನಿನಿಂದಲೇ ಹಿಡಿಸಿ ಮಗುವಿಗೆ ತೊಡಿಸಿ. ಎಲಾಸ್ಟಿಕ್ಕಿನ ಕೆಳಗೆ ನಿಮ್ಮ ಎರಡು ಬೆರಳು ಸುಲಭವಾಗಿ ಹೋಗಬೇಕು. ಒಂದು ಗಂಟೆ ಬಿಟ್ಟು ಬಿಚ್ಚಿ ನೋಡಿ. ಗುರುತು ಬೇಗ ಮಾಯವಾಗದಿದ್ದರೆ ಇನ್ನೂ ಸಡಿಲಿಸಿ. ಸರಿಯೆನಿಸಿದ ಮೇಲೆ ತುದಿಗಳನ್ನು ಕೈ ಹೊಲಿಗೆಯಿಂದ ಕೂಡಿಸಿ. ಹೆಚ್ಚಿಗೆ ಬಿಟ್ಟ ಅಂಗುಲವನ್ನು ಕತ್ತರಿಸಬೇಡಿ, ಒಂದರ ಮೇಲೊಂದು ಹಾಗೆಯೇ ಇರಲಿ. ಬರುವ ವರ್ಷ ಬಿಚ್ಚಿ ಸಡಿಲಿಸಬಹುದು. ಹಾಲು ಕುಡಿಯುವ ಕೂಸಿನ ಅಂಗಿಗೆ ಎಲಾಸ್ಟಿಕ್ ತೋಳು ಬೇಡವೇ ಬೇಡ. ಬಿಗಿಯಾಯಿತೆಂದು ಹೇಳಲು ಅದಕ್ಕೆ ಬಾಯಿಲ್ಲ.

ಎಲಾಸ್ಟಿಕ್ಕನ್ನು ನೇರವಾಗಿ ಬಟ್ಟೆಯ ಮೇಲಿಟ್ಟು ಎಳೆದು ಹೊಲಿಯುವುದೂ ಒಂದು ಪದ್ಧತಿ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಹೆಣೆದ ಎಲಾಸ್ಟಿಕ್ಕಿನೊಳಗೆ ಸೂಜಿ ಆಡಿದರೆ ಒಳಗಿನ ಎಳೆಗಳು ಕಡಿದು ಬಿಗಿ ಹೋಗುತ್ತದೆ. ಮೈಗೆ ರಬ್ಬರು ನೇರ ತಾಗುತ್ತದೆ. ಬದಲಿಸಬೇಕಾದರೆ ಇಡೀ ಹೊಲಿಗೆ ಬಿಚ್ಚಬೇಕು. ಹಳ್ಳಿಯ ಮನೆಗೆ ಮಡಿಕೆಯ ಪದ್ಧತಿಯೇ ಮೇಲು.

ಈಗ ಮೊದಲು ಹೇಳಿದ ಯಂತ್ರದ ಮಾತು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಷರಟು ತೊಡುವುದು ನಮ್ಮ ಕಡೆ ವಾಡಿಕೆ. ಕಬ್ಬಿನ ಗರಿ ಕೊಯ್ಯದಂತೆ, ಜೋಳದ ಸುಂಕು ತುರಿಸದಂತೆ, ಪಾರ್ಥೇನಿಯಂ ಗಿಡ ಮೈಗೆ ತಾಗದಂತೆ ಅದು ಕಾಯುತ್ತದೆ. ಆದರೆ ಗುಂಡಿಯಿಲ್ಲದ ಆ ಅಗಲ ಕೈತುದಿ ಹುಲ್ಲು ಕತ್ತರಿಸುವ ಯಂತ್ರದ ಉರುಳೆಗೋ ಒಕ್ಕಣೆ ಯಂತ್ರದ ಬೆಲ್ಟಿಗೋ ಸಿಕ್ಕಿದರೆ ಬಟ್ಟೆಯ ಹಿಂದೆ ಕೈಯೂ ಹೋಗುತ್ತದೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವುದನ್ನು ತಡೆಯಲೆಂದೇ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯಿದೆ ಮಾಡಿತು. ಹಳೆಯ ತುಂಬುತೋಳಿನ ಟೀ ಷರಟಿದ್ದರೆ ಅದರ ಮಣಿಕಟ್ಟಿನ ಅಂಚಿಗೆ ಇದೇ ರೀತಿ ಎಲಾಸ್ಟಿಕ್ ಏರಿಸಿ. ಮಣಿಕಟ್ಟು 6 ಅಂಗುಲವಾದರೆ ಎಲಾಸ್ಟಿಕ್ 7 ಅಂಗುಲ. ಇಲ್ಲಿ ಬುಗ್ಗೆ ಬೇಡ, ತೋಳು ಕೈಗೆ ಒತ್ತಿಕೊಂಡಿರಲಿ. ಯಂತ್ರಕ್ಕೆ ಹುಲ್ಲು ಕೊಡುವ ಗಂಡಸರಿಗೂ ಇದೇ ತೋಳು ಹೇಳಿದ್ದು. ಸೆರಗು, ವಲ್ಲಿ, ಟವೆಲು ಬಿಗಿದು ಕಟ್ಟಿಕೊಳ್ಳುವುದನ್ನು ಮರೆತರೆ ತೋಳೊಂದು ಬಿಗಿಯಿದ್ದು ಫಲವಿಲ್ಲ. ಔಷಧಿ ಸಿಂಪಡಿಸುವಾಗ ಈ ಅಂಗಿಯನ್ನು ನೆಚ್ಚಬಾರದು. ಬನಿಯನ್ ಬಟ್ಟೆ ದ್ರವವನ್ನು ಹೀರಿ ಮೈಗೇ ಹಿಡಿಸುತ್ತದೆ. ಒಲೆಯ ಮುಂದೆ ಕೆಲಸ ಮಾಡುವವರಿಗೆ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಎಲಾಸ್ಟಿಕ್ ಎಂದರೆ ಸಣ್ಣ ರಬ್ಬರು ಎಳೆಗಳಿಗೆ ನೂಲು ಹೊದಿಸಿ ಹೆಣೆದ ಪಟ್ಟಿ. ಕೆಲವದರಲ್ಲಿ ರಬ್ಬರಿಗೆ ಬದಲು ಸ್ಪ್ಯಾಂಡೆಕ್ಸ್ ಎಳೆ ಇರುತ್ತದೆ. 1820ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾಂಕಾಕ್ ಕೈಗವಸು ಮೊದಲಾದ ಉಡುಪಿಗೆ ರಬ್ಬರು ಪಟ್ಟಿ ಹಾಕುವುದಕ್ಕೆ ಹಕ್ಕುಪತ್ರ ಪಡೆದ. ಆದರೆ ಹಸಿ ರಬ್ಬರು ಸೆಕೆಗೆ ಅಂಟಾಗಿ ಚಳಿಗೆ ಪೆಡಸಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆಂಬುದಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಹಕ್ಕುಪತ್ರ ಪಡೆದ ಮೇಲೆ ದಾರಿ ತೆರೆಯಿತು. ನಮ್ಮಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರೈತರು ರಬ್ಬರು ಮರ ಬೆಳೆಸಿ ಹಾಲು ತೆಗೆಯುತ್ತಾರೆ.

ರಬ್ಬರಿಗೆ ಎಣ್ಣೆ, ಬಿಸಿಲು, ಶಾಖ ಮೂರೂ ಆಗದು. ಮಗುವಿಗೆ ಎಣ್ಣೆ ಹಚ್ಚಿ ಹಾಗೆಯೇ ಈ ಅಂಗಿ ತೊಡಿಸಬೇಡಿ; ನೀರು ಹಾಕಿದ ಮೇಲೆ ತೊಡಿಸಿ. ಕುದಿನೀರಿನಲ್ಲಿ ನೆನೆಸುವುದು, ಬ್ಲೀಚಿಂಗ್ ಪುಡಿ ಹಾಕುವುದು, ಎಲಾಸ್ಟಿಕ್ಕಿನ ಮೇಲೆ ಕಾದ ಇಸ್ತ್ರಿ ಒತ್ತುವುದು ಬೇಡ. ನೆರಳಿನಲ್ಲಿ ಒಣಹಾಕಿ. ಇಷ್ಟಾದರೂ ಬಟ್ಟೆಗಿಂತ ಮೊದಲು ಎಲಾಸ್ಟಿಕ್ಕೇ ಸಡಿಲುವುದು ಸಹಜ. ಆಗ ಮಡಿಕೆಯ ಬಾಯಿಯ ನಾಲ್ಕು ಹೊಲಿಗೆ ಬಿಚ್ಚಿ, ಹಳೆಯ ಪಟ್ಟಿಯ ತುದಿಗೆ ಹೊಸ ಪಟ್ಟಿಯನ್ನು ಹೊಲಿದು, ಹಳೆಯದನ್ನು ಎಳೆಯಿರಿ. ಹೊಸದು ತಾನಾಗಿ ಒಳಗೆ ಬರುತ್ತದೆ, ಪಿನ್ನು ಹುಡುಕುವ ಕೆಲಸವೂ ಇಲ್ಲ.