ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಉದ್ಧರಣ ಚಿಹ್ನೆ ಏಕೆ ಬೇಕು?

2001ರ ನವೆಂಬರ್‌ನಲ್ಲಿ ಆಪಲ್ ಸಂಸ್ಥೆ ಬಿಡುಗಡೆ ಮಾಡಿದ ಐಟ್ಯೂನ್ಸ್ 2.0 ತಂತ್ರಾಂಶವನ್ನು ಮ್ಯಾಕ್ ಗಣಕಕ್ಕೆ ಅಳವಡಿಸಿಕೊಂಡ ಕೆಲವರ ಡಿಸ್ಕ್‌ಗಳೇ ಬರಿದಾದವು. ಹಳೆಯ ಆವೃತ್ತಿಯನ್ನು ಅಳಿಸುವ ಶೆಲ್ ಆದೇಶದಲ್ಲಿ ಡಿಸ್ಕಿನ ಹೆಸರಿಗೆ ಉದ್ಧರಣ ಚಿಹ್ನೆ ಹಾಕದಿದ್ದುದೇ ಇದಕ್ಕೆ ಕಾರಣ. ಸಂಸ್ಥೆ ಕೂಡಲೇ 2.0.1 ಆವೃತ್ತಿಯನ್ನು ಹೊರತಂದಿತು.

ಶೆಲ್‌ಗೆ ಖಾಲಿ ಜಾಗವೆಂದರೆ ಪದದ ಕೊನೆ. ಹೀಗಾಗಿ ‘ಡಿಸ್ಕ್ 1’ ಎಂಬ ಹೆಸರು ಎರಡು ತುಂಡಾಗಿ, ‘ಡಿಸ್ಕ್’ ಎಂಬ ಬೇರೊಂದು ಡಿಸ್ಕ್ ಇದ್ದರೆ ಅದೇ ಅಳಿಸಿಹೋಗುತ್ತದೆ.

ತಂತ್ರಾಂಶವನ್ನು ತಾನಾಗಿಯೇ ಸಿದ್ಧಪಡಿಸುವ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ತಪ್ಪು ಆದೇಶವನ್ನು ತಡೆಯಲು ಎದುರಿಗೆ ಯಾರೂ ಇರುವುದಿಲ್ಲ. ಒಂಟಿ ಚಿಹ್ನೆಯೊಳಗಿಟ್ಟ ವೇರಿಯಬಲ್ ಅಕ್ಷರಶಃ ಹಾಗೆಯೇ ಉಳಿದುಬಿಡುತ್ತದೆ. ಜೋಡಿ ಚಿಹ್ನೆಯೊಳಗಿಟ್ಟರೆ ಮಾತ್ರ ಅದರಲ್ಲಿರುವ ಹೆಸರು ಒಡೆಯದೆ ಇಡಿಯಾಗಿ ಆದೇಶಕ್ಕೆ ತಲುಪುತ್ತದೆ.