ಹೆಂಡದಂಗಡಿಯ ಮಡಕೆಯಲ್ಲಿ ರಸಾಯನ ಪಾಠ

ಬೆಂಗಳೂರಿಗೆ ‘ಪಬ್ ನಗರಿ’ ಎಂಬ ಬಿರುದು ಅಂಟಿಕೊಂಡದ್ದು 1980ರ ದಶಕದ ನಂತರ. ಬ್ರಿಗೇಡ್ ರಸ್ತೆಯ ಸುತ್ತಮುತ್ತ ಪೀಪಾಯಿಯಿಂದ ನೇರವಾಗಿ ಬಿಯರ್ ಹಿಡಿದು ಕೊಡುವ ಅಂಗಡಿಗಳು ತಲೆ ಎತ್ತಿದ ಕಾಲವದು. ಇಂಗ್ಲಿಷಿನ ‘ಪಬ್ಲಿಕ್ ಹೌಸ್’ ಎಂಬ ಮಾತು ಸವೆದು ‘ಪಬ್’ ಆಯಿತು. ಆದರೆ ಬೀದಿಯ ನಾಲ್ಕು ಜನ ಸಂಜೆ ಹೊತ್ತು ಕೂಡಿ ಕುಡಿಯುವ ಜಾಗ ಈ ಊರಿಗೆ ಹೊಸದೇನೂ ಆಗಿರಲಿಲ್ಲ. ದಂಡು ಪ್ರದೇಶದ ಓಣಿಗಳಲ್ಲಿ ಬೆತ್ತದ ಕುರ್ಚಿಗಳ ಹಳೆಯ ಬಾರುಗಳಿದ್ದವು. ಕೂಲಿಕಾರರು, ಮಿಲ್ಲಿನ ಕೆಲಸಗಾರರು ವಾಸಿಸುವ ಹಿಂಬೀದಿಗಳಲ್ಲಿ ಹೆಂಡದಂಗಡಿಗಳಿದ್ದವು. ಕರಾವಳಿಯವರು ಇದನ್ನೇ ಗಡಂಗು ಎನ್ನುತ್ತಾರೆ.

ಹೆಂಡದಂಗಡಿಗೆ ಹೊಕ್ಕವರಿಗೆ ಅಲ್ಲಿ ಆಡಂಬರವೇನೂ ಕಾಣುತ್ತಿರಲಿಲ್ಲ. ಹಂಚಿನದೋ ತಗಡಿನದೋ ಚಾವಣಿ, ಮರದ ಬೆಂಚು, ಮೂಲೆಯಲ್ಲಿ ಪೀಪಾಯಿ ಇಲ್ಲವೇ ಮಡಕೆ. ಬಾಗಿಲ ಬಳಿ ಉಪ್ಪು ಖಾರ ಹಚ್ಚಿದ ಕಡಲೆ, ಬೋಂಡ ಮಾರುವವರು. ಒಳಗೆ ಮನೆಯ ಕಷ್ಟಸುಖ, ಕೂಲಿಯ ಲೆಕ್ಕ, ಆಗೀಗ ಜಗಳ. ಈ ಲೋಕವನ್ನು ಕನ್ನಡ ಸಾಹಿತ್ಯಕ್ಕೆ ತಂದವರು ಜಿ.ಪಿ. ರಾಜರತ್ನಂ. ‘ರತ್ನನ ಪದಗಳು’ ಸಂಕಲನದ ರತ್ನ ಹೆಂಡಗುಡುಕ. ಬರೆದ ಮೇಷ್ಟ್ರು ಮಾತ್ರ ಕುಡಿಯದವರು. ಮಕ್ಕಳಿಗೆ ನಾಯಿಮರಿಯ ಪದ್ಯ ಕೊಟ್ಟವರೂ ಅವರೇ.

ಮರದಿಂದ ಮಡಕೆಗೆ

ಪೇಟೆಯಲ್ಲಿ ಹೆಂಡ ಮಾರುತ್ತಿದ್ದರೂ ಅದು ಹುಟ್ಟುತ್ತಿದ್ದುದು ಹಳ್ಳಿಯಲ್ಲಿ. ಬಯಲುಸೀಮೆಯ ಹಳ್ಳದ ದಂಡೆ, ಕೆರೆಯಂಗಳಗಳಲ್ಲಿ ಬೆಳೆಯುವ ಈಚಲು ಮರವೇ ಅದರ ಮೂಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಪುರಾತನ ಹುಣಸೆ ತೋಪಿಗೆ ಹೆಸರಾದ ಊರು. 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಹುಣಸೆಗೆ ದೊರೆತ ಮನ್ನಣೆ ಈಚಲಿಗೆ ದೊರೆಯಲಿಲ್ಲ. ಜನ ಅದನ್ನು ಹೆಂಡದ ಮರವೆಂದೇ ನೋಡಿದರು. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಈ ಮರದಲ್ಲಿ ಒಂದು ಇಡೀ ಅಧ್ಯಾಯವಿದೆ.

ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲಾ ರಸ ತೊಟ್ಟಿಕ್ಕುತ್ತದೆ. ಆಗಷ್ಟೇ ಇಳಿದ ರಸ ಸಿಹಿ, ಅದೇ ನೀರಾ. ಗಾಳಿಯಲ್ಲೂ ಮಡಕೆಯ ಒಳಮೈಯಲ್ಲೂ ಇರುವ ಯೀಸ್ಟ್ ಎಂಬ ಏಕಕೋಶ ಜೀವಿಗಳು ಈ ಸಕ್ಕರೆಯನ್ನು ತಿಂದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ನೊರೆ ಏಳುವುದು ಈ ಅನಿಲದಿಂದಲೇ. ಕೆಲವೇ ತಾಸುಗಳಲ್ಲಿ ನೀರಾ ಹೆಂಡವಾಗುತ್ತದೆ. ಅದರಲ್ಲಿ ಮದ್ಯಸಾರ ಸುಮಾರು ಶೇಕಡಾ 4ರಿಂದ 5. ಇನ್ನೂ ಬಿಟ್ಟರೆ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸಿ ವಿನೆಗರ್ ಮಾಡುತ್ತವೆ. ನೀರಾ ಸಿಹಿಯಾಗಿಯೇ ಉಳಿಯಬೇಕೆಂದರೆ ಮಡಕೆಯ ಒಳಗೆ ಸುಣ್ಣ ಬಳಿಯುತ್ತಾರೆ. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಆಟ ನಡೆಯುವುದಿಲ್ಲ.

ಈ ಹುದುಗಿನ ಗುಟ್ಟು ಬಿಡಿಸಿದವರು ಫ್ರಾನ್ಸಿನ ಲೂಯಿ ಪ್ಯಾಸ್ಚರ್. 1856ರಲ್ಲಿ ಲಿಲ್ ಪಟ್ಟಣದ ಉದ್ಯಮಿಯೊಬ್ಬರು ತಮ್ಮ ಬೀಟ್‌ರೂಟ್ ಮದ್ಯ ಹುಳಿಯಾಗುತ್ತಿದೆ ಎಂದು ಅವರ ನೆರವು ಕೇಳಿದರು. ಸೂಕ್ಷ್ಮದರ್ಶಕದಡಿ ನೋಡಿದ ಪ್ಯಾಸ್ಚರ್, ಹುದುಗುವುದು ಜೀವಿಗಳ ಕೆಲಸವೆಂದು ತೋರಿಸುವ ಹಾದಿ ಹಿಡಿದರು. ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು. ಬಾಟಲಿಯಲ್ಲಿ ಉಗುರು ಬೆಚ್ಚಗಿನ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ಬೇಕರಿ ಯೀಸ್ಟ್ ಹಾಕಿ ಬಾಯಿಗೆ ಬಲೂನು ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲೇ ಬಲೂನು ಉಬ್ಬುತ್ತದೆ. ಪ್ರಯೋಗ ಮುಗಿದ ಮೇಲೆ ದ್ರವವನ್ನು ಚೆಲ್ಲಿಬಿಡಬೇಕು.

ಒಂದು ಇಂಗಾಲದ ಅಂತರ

ಮದ್ಯಸಾರ ಶೇಕಡಾ 15ರ ಆಸುಪಾಸಿಗೆ ಬಂದರೆ ಯೀಸ್ಟ್ ತಾನು ಮಾಡಿದ ಮದ್ಯದಲ್ಲೇ ಸೋತು ಹೋಗುತ್ತದೆ. ಅದಕ್ಕಿಂತ ಕಡುವಾದ ಪೇಯ ಬೇಕೆಂದರೆ ಬಟ್ಟಿ ಇಳಿಸಬೇಕು. ನೀರು 100 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕುದಿದರೆ ಎಥನಾಲ್ ಸುಮಾರು 78 ಡಿಗ್ರಿಯಲ್ಲೇ ಕುದಿಯುತ್ತದೆ. ಈ ವ್ಯತ್ಯಾಸದಿಂದ ಹುಟ್ಟಿದ್ದು ಸಾರಾಯಿ. ಅದರ ಕಡುಪು ಹೆಂಡಕ್ಕಿಂತ ಹಲವು ಪಟ್ಟು. ಮುಂದೆ ಸಾರಾಯಿ ಪ್ಲಾಸ್ಟಿಕ್ ಪೊಟ್ಟಣಕ್ಕೂ ಇಳಿಯಿತು. ಕೂತು ಮಾತಾಡುವ ಬೆಂಚೂ ಬೇಡವಾಯಿತು. ಪೊಟ್ಟಣ ಕಚ್ಚಿ ಹರಿದು ನಿಂತಲ್ಲೇ ಕುಡಿದು ಮುಗಿಸುವುದು ರೂಢಿಯಾಯಿತು. ಹೆಂಡವೂ ಶುದ್ಧವಾಗಿ ಉಳಿಯಲಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಮದ್ದು ಬೆರೆಸಿ ಮಾರುವ ದಂಧೆ ಹಬ್ಬಿತು.

ಕಲಬೆರಕೆಗಳಲ್ಲೆಲ್ಲಾ ಘೋರವಾದದ್ದು ಮೆಥನಾಲಿನದು. ಎಥನಾಲಿನ ಅಣುವಿನಲ್ಲಿ ಎರಡು ಇಂಗಾಲ, ಮೆಥನಾಲಿನಲ್ಲಿ ಒಂದೇ. ನೋಡಲು ಎರಡೂ ನೀರಿನಂತೆ ತಿಳಿ, ಮತ್ತೂ ಬರುತ್ತದೆ. ಬಾಯಿಗೆ ಭೇದ ತಿಳಿಯದು. ಆದರೆ ಮೆಥನಾಲ್ ಪಿತ್ತಜನಕಾಂಗದಲ್ಲಿ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆಯ ವಿಷದಲ್ಲಿ ಇರುವುದೂ ಇದೇ ಆಮ್ಲ. ಅದು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಸುಮಾರು 10 ಮಿಲಿಲೀಟರ್ ದೃಷ್ಟಿ ಕಳೆಯಲು, 30 ಮಿಲಿಲೀಟರ್ ಪ್ರಾಣ ಕಳೆಯಲು ಸಾಕಾಗಬಹುದು. ಲಕ್ಷಣಗಳು ಕಾಣಿಸಿಕೊಳ್ಳಲು ಅರ್ಧ ದಿನ, ಒಂದು ದಿನ ಹಿಡಿಯುವುದರಿಂದ ಕುಡಿದವರು ಏನೂ ಆಗಿಲ್ಲವೆಂದು ಮಲಗಿಬಿಡುತ್ತಾರೆ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ರಾಜ್ಯದ ಬಹುಭಾಗದಲ್ಲಿ ಹೆಂಡ ನಿಂತಿತು. ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅಂಗಡಿ ಮುಚ್ಚಿತು, ಚಟ ಮುಚ್ಚಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಅಂಚಿನ ಆನೇಕಲ್, ಹೊಸಕೋಟೆ, ಕೋಲಾರ ಸೀಮೆ ಮತ್ತು ಪಕ್ಕದ ತಮಿಳುನಾಡಿನಲ್ಲಿ ಕಳ್ಳಭಟ್ಟಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹುಪಾಲು ಕೂಲಿ ಮಾಡುವ ಬಡವರು.

ಲಂಡನ್ನಿನ ಒಂದು ಬೀದಿ

ಕುಡಿಯುವ ಲೋಟದಲ್ಲಿ ಏನಿದೆ ಎಂಬ ಪ್ರಶ್ನೆಗೆ ಲಂಡನ್ನಿನಲ್ಲಿ ಬೇರೆಯೇ ಉತ್ತರ ಸಿಕ್ಕಿತ್ತು. 1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ಡಾ. ಜಾನ್ ಸ್ನೋ ಮನೆಮನೆಯ ಸಾವುಗಳನ್ನು ಲೆಕ್ಕ ಹಾಕಿ, ಬೀದಿಯ ನೀರಿನ ಪಂಪೇ ಮೂಲವೆಂದು ತೋರಿಸಿದರು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರು ಕುಡಿಯುತ್ತಿದ್ದುದು ಕುದಿಸಿ ಮಾಡಿದ ಬಿಯರನ್ನು. ಕಾರ್ಖಾನೆಗೆ ಸ್ವಂತ ಬಾವಿಯೂ ಇತ್ತು. ಆ ಸ್ಥಳದ ಪಬ್ಬಿಗೆ ಈಗ ಜಾನ್ ಸ್ನೋ ಹೆಸರಿದೆ. ಅವರೋ ಬಾಳಿನ ಬಹುಕಾಲ ಮದ್ಯ ಮುಟ್ಟದವರು!

ಅಲ್ಲಿ ನೀರು ವಿಷವಾಯಿತು, ಇಲ್ಲಿ ಮದ್ಯ ವಿಷವಾಯಿತು. ಎರಡನ್ನೂ ಕಣ್ಣು, ನಾಲಿಗೆ ಕಂಡುಹಿಡಿಯಲಿಲ್ಲ. ಗಲ್ಲಿಯ ಅಂಗಡಿಯವನು ಪರಿಚಯದವನೆಂಬ ನಂಬಿಕೆ ರಾಸಾಯನಿಕ ಪರೀಕ್ಷೆಗೆ ಸಮವಲ್ಲ. ಶುದ್ಧ ಎಥನಾಲೂ ನಿರಪಾಯವಲ್ಲ. ಪಿತ್ತಜನಕಾಂಗ ಕೆಡಿಸುವುದು, ಮನೆಯ ದುಡಿಮೆ ತಿನ್ನುವುದು ಅದೇ.

ಮನೆಯಲ್ಲಿ ಕುಡಿಯುವವರಿದ್ದರೆ ಮಕ್ಕಳಿಂದ ಮುಚ್ಚಿಡುವುದಕ್ಕಿಂತ ಈ ಪಾಠವನ್ನು ತಿಳಿಹೇಳುವುದು ಲೇಸು. ಕುಡಿದವರಿಗೆ ದೃಷ್ಟಿ ಮಂಜಾದರೆ, ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮಲಗಲು ಬಿಡದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೊತ್ತಿಗೆ ಸರಿಯಾಗಿ ಹೋದರೆ ಪ್ರತಿವಿಷ, ಡಯಾಲಿಸಿಸ್‌ನಿಂದ ಕಣ್ಣೂ ಜೀವವೂ ಉಳಿಯಬಹುದು. ಚಟ ಬಿಡಲು ಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ವ್ಯವಸ್ಥೆ ಇದೆ. ಕುಡಿತದ ಚಟ ಒಂದು ಕಾಯಿಲೆ. ಅದಕ್ಕೆ ವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.